42 ದಿನದ ಬಾಣಂತನ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು

ಕರ್ನಾಟಕದಲ್ಲಿ ಈಗ ಬಹುಪಾಲು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ಸಹಜ ಹೆರಿಗೆಯಾದವರು ಎರಡು ದಿನಕ್ಕೆ, ಸಿಸೇರಿಯನ್ ಆದವರು ಸುಮಾರು ಒಂದು ವಾರಕ್ಕೆ ಮನೆ ಸೇರುತ್ತಾರೆ. ಹಸುಗೂಸುಗಳ ಸಾವಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತದೆ. ಆ ವಾರದ ಬಹುಭಾಗ ಕಳೆಯುವುದು ತವರುಮನೆಯ ಬಾಣಂತಿ ಕೋಣೆಯಲ್ಲಿ. ಅಲ್ಲಿ ಮಾತು ನಡೆಯುವುದು ಡಾಕ್ಟರದ್ದಲ್ಲ, ಅಜ್ಜಿಯದು. ಹಾಗಾಗಿ ಇದನ್ನು ಬರೆದಿರುವುದು ಬಾಣಂತನ ಮಾಡುವ ಕೈಗಳಿಗೆ, ಅವರ ಜೊತೆಗೆ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರಿಗೆ.

ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಹೊಲಮನೆ ಕೆಲಸದಿಂದ ಬಿಡುವು, ಬಂದುಹೋಗುವವರಿಗೆ ತಡೆ, ತಾಯಿಯ ಮಗ್ಗುಲಲ್ಲೇ ಕೂಸು, ಎಣ್ಣೆನೀರು, ತುಪ್ಪ, ಅಂಟಿನುಂಡೆ, ಅಳವಿ ಪಾಯಸ ಯಾವುದನ್ನೂ ಬಿಡಬೇಕಿಲ್ಲ. ಬಿಡಬೇಕಾದದ್ದು ನೀರಿಗೆ ಹಾಕುವ ಕಟ್ಟು, ಬರೀ ಅನ್ನ-ಮೆಣಸಿನ ಸಾರಿನ ಪಥ್ಯ, ಮುಚ್ಚಿದ ಕೋಣೆಯ ಹೊಗೆ, ಮತ್ತು ಕೂಸಿನ ಬಾಯಿ-ಮೂಗಿಗೆ ಹಾಕುವ ಪದಾರ್ಥಗಳು.

ಆಸ್ಪತ್ರೆಯಿಂದ ಹೊರಡುವ ಮುನ್ನ

ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ನರ್ಸ್ ಹತ್ತಿರ ಕೇಳಿ ಬರೆಸಿಕೊಳ್ಳಿ: ಹುಟ್ಟುತೂಕ ಎಷ್ಟು, ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆಗಳು ಆಗಿವೆಯೇ, ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ, ತಾಯಿಯ ಬಿಪಿ ಮತ್ತು ಹಿಮೋಗ್ಲೋಬಿನ್ ಎಷ್ಟು. ಹೆಪಟೈಟಿಸ್-ಬಿ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೇ ಬೀಳಬೇಕು, ಆಮೇಲೆ ಕೊಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ತಗುಲುವುದನ್ನು ತಡೆಯುವ ಅದರ ಶಕ್ತಿ ಕಡಿಮೆಯಾಗುತ್ತದೆ.

ತಾಯಿಗೆ ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ 180 ದಿನ. ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು, ಅದೂ 180 ದಿನ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಬೆಳಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು ಕಬ್ಬಿಣ ಎಂದು ಇಟ್ಟುಕೊಂಡರೆ ಗೊಂದಲವಿಲ್ಲ. ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜೊತೆ ಬೇಡ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸುವವರೇ ಹೆಚ್ಚು.

ಇನ್ನೊಂದು ವಿಷಯವನ್ನು ಅಲ್ಲೇ ವಿಚಾರಿಸಿ: ರಾತ್ರಿ ಹೊತ್ತು ಕೂಸಿಗೆ ಏನಾದರೂ ಆದರೆ ಎಲ್ಲಿಗೆ ಹೋಗಬೇಕು? ಹತ್ತಿರದ ಆಸ್ಪತ್ರೆಯಲ್ಲೆಲ್ಲ ಹಸುಗೂಸನ್ನು ನೋಡುವ ವ್ಯವಸ್ಥೆ ಇರುವುದಿಲ್ಲ. ಎಸ್‌ಎನ್‌ಸಿಯು ಎನ್ನುವ ನವಜಾತ ಶಿಶು ಘಟಕ ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯಲ್ಲಿ ಇರುತ್ತದೆ. ಆ ದಾರಿಯನ್ನು ಮೊದಲೇ ತಿಳಿದುಕೊಂಡರೆ ಮೂರು ಆಸ್ಪತ್ರೆ ಅಲೆಯುವ ಹೊತ್ತು ಉಳಿಯುತ್ತದೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ರಕ್ತ, ಔಷಧಿ, ಕಾಯಿಲೆಬಿದ್ದ ಕೂಸಿನ ಚಿಕಿತ್ಸೆ, ವಾಹನ ಎಲ್ಲವೂ ಉಚಿತ. ದುಡ್ಡು ಹೊಂದಿಸಿಕೊಂಡು ಹೊರಡೋಣ ಎಂದು ಕಾಯಬೇಡಿ.

ಕೋಣೆ

ಕೂಸಿಗೆ ಬೆಚ್ಚಗಿರಬೇಕು, ಸರಿ. ಆದರೆ ಕಿಟಕಿ-ಬಾಗಿಲು ಜಡಿದು ಒಳಗೆ ಇದ್ದಿಲ ಕೆಂಡ ಇಡುವುದು ಅಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಾಯಿ-ಮಗು ಇಬ್ಬರೂ ಮಲಗಿದಲ್ಲೇ ಉಸಿರು ನಿಲ್ಲಬಹುದು. ಸಾಂಬ್ರಾಣಿ ಹೊಗೆ ಕೊಡಲೇಬೇಕೆಂದರೆ ತಾಯಿಯ ಕೂದಲಿಗೆ ಹೊರಗಿನ ಜಗಲಿಯಲ್ಲಿ ಕೊಡಿ, ಕೂಸು ಹತ್ತಿರ ಇರದಂತೆ. ನೇರ ಗಾಳಿ ಬೀಸದ ಮೂಲೆಯಲ್ಲಿ ಮಂಚ ಹಾಕಿ, ಹಗಲು ಕಿಟಕಿ ತೆರೆದಿಡಿ.

ಕತ್ತಲು ಕೋಣೆಗೆ ಇನ್ನೊಂದು ದೋಷವಿದೆ. ಅಲ್ಲಿ ಕಾಮಾಲೆ ಕಾಣುವುದಿಲ್ಲ. ದಿನಕ್ಕೊಮ್ಮೆ ಕೂಸನ್ನು ಕಿಟಕಿಯ ಬೆಳಕಿಗೆ ತಂದು ಬೆರಳಿನಿಂದ ಹಣೆ, ಎದೆ, ಕಾಲಿನ ಚರ್ಮವನ್ನು ಮೆಲ್ಲಗೆ ಒತ್ತಿ ಬಿಡಿ. ಬಿಟ್ಟ ಕ್ಷಣ ಅಲ್ಲಿ ಹಳದಿ ಕಂಡರೆ ಕಾಮಾಲೆ. ಮೂರನೆಯ ದಿನ ಮುಖ-ಎದೆ ಸ್ವಲ್ಪ ಹಳದಿಯಾಗುವುದು ಸಾಮಾನ್ಯ. ಮೊದಲ 24 ಗಂಟೆಯಲ್ಲೇ ಕಂಡರೆ, ಅಂಗೈ-ಅಂಗಾಲಿಗೆ ಇಳಿದರೆ, ಎರಡು ವಾರ ಕಳೆದರೂ ಹೋಗದಿದ್ದರೆ ಆಸ್ಪತ್ರೆ. ಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆಯಲ್ಲ, ಬರೆ ಹಾಕುವುದಂತೂ ಹಿಂಸೆ. ಏರಿದ ಕಾಮಾಲೆ ಮೆದುಳಿಗೆ ಹೊಕ್ಕರೆ ಕಿವುಡು, ಅಂಗವೈಕಲ್ಯ ಜೀವನಪೂರ್ತಿ ಉಳಿಯುತ್ತದೆ. ಸಕಾಲಕ್ಕೆ ಹೋದರೆ ನೀಲಿ ಬೆಳಕಿನ ಕೆಳಗೆ ಒಂದೆರಡು ದಿನ ಮಲಗಿಸಿದರೆ ಸಾಮಾನ್ಯವಾಗಿ ಮುಗಿಯಿತು.

ಬಿಸುಪು ನೋಡುವುದಕ್ಕೆ ಕೈಯ ಹಿಂಬದಿ ಸಾಕು. ಕೂಸಿನ ಹೊಟ್ಟೆಯೂ ಪಾದವೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಶುರುವಾಗಿದೆ. ಟೋಪಿ, ಕಾಲುಚೀಲ ಹಾಕಿ ತಾಯಿಯ ಎದೆಗೆ ಒರಗಿಸಿ. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 97.7ರಿಂದ 99.5 ಫ್ಯಾರನ್‌ಹೀಟ್ ಇರಬೇಕು. ಏಪ್ರಿಲ್-ಮೇ ತಿಂಗಳ ರಾಯಚೂರು, ಕಲಬುರಗಿ ಸೆಕೆಯಲ್ಲಿ ಉಣ್ಣೆ ಟೋಪಿ, ಎರಡು ದುಪ್ಪಟಿ ಸುತ್ತಿದರೆ ಮೈ ಸುಡುವುದು ಜ್ವರದಿಂದಲ್ಲ, ಹೊದಿಕೆಯಿಂದ. ಒಂದು ಪದರ ತೆಗೆದು, ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಹೊರಡಿ.

ನೀರು ಮತ್ತು ಪಥ್ಯ

ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮೈ ಊದುತ್ತದೆ, ಸನ್ನಿ ಆಗುತ್ತದೆ ಎಂಬ ಹೆದರಿಕೆಯಿಂದ ದಿನಕ್ಕೆರಡು ಲೋಟಕ್ಕೆ ಕಟ್ಟು ಹಾಕುವ ಮನೆಗಳು ಇನ್ನೂ ಇವೆ. ಹೊಟ್ಟೆ ಮುಂದೆ ಬರುವುದು ಬಸಿರಿನಲ್ಲಿ ಹಿಗ್ಗಿದ ಸ್ನಾಯು ಸಡಿಲವಾಗಿರುವುದರಿಂದ, ನೀರಿನಿಂದಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ. ಅದಕ್ಕಿಂತ ಕೆಟ್ಟದ್ದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು: ಹೆರಿಗೆಯಾದ ಮೇಲೆ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ, ಒಣಗಿದ ಮೈ ಮತ್ತು ಸದಾ ಮಲಗೇ ಇರುವುದು ಸೇರಿದರೆ ಹೇಳುವುದೇ ಬೇಡ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಬೇಡಿ, ಆಸ್ಪತ್ರೆಗೆ ಹೋಗಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಕುತ್ತು. ಪ್ರತಿ ಸಲ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ಲೋಟ ನೀರು ಇರಲಿ. ಕಾಯಿಸಿ ಆರಿಸಿದ ಬೆಚ್ಚಗಿನ ನೀರೇ ಬೇಕು ಅನ್ನುವುದಾದರೆ ಅದೂ ಒಳ್ಳೆಯದೇ. ಕೋಣೆಯೊಳಗೇ ದಿನಕ್ಕೆ ನಾಲ್ಕೈದು ಸಲ ಅಡ್ಡಾಡಲಿ.

ಪಥ್ಯದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೇಳೆ ತಿಂದರೆ ಕೂಸಿಗೆ ವಾಯು, ಬದನೆ-ಕುಂಬಳ ನಂಜು, ಸೊಪ್ಪು ಶೀತ, ಹಣ್ಣು ನೆಗಡಿ ಎಂದು ಒಂದೊಂದನ್ನೇ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಮೆಣಸು-ಬೆಳ್ಳುಳ್ಳಿ ಸಾರು, ತುಪ್ಪ. ಈ ಊಟದಲ್ಲಿ ಥಯಮಿನ್, ಅಂದರೆ ವಿಟಮಿನ್ ಬಿ1, ಇಲ್ಲವೆನ್ನುವಷ್ಟು ಕಡಿಮೆ. ಅಕ್ಕಿಯ ತೌಡಿನ ಜೊತೆ ಅದು ಗಿರಣಿಯಲ್ಲೇ ಹೋಗಿರುತ್ತದೆ, ಉಳಿದದ್ದು ನಾಲ್ಕು ಸಲ ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹೋಗುತ್ತದೆ. ಊಟದ ನಂತರದ ಎಲೆ-ಅಡಿಕೆ, ಕಾಫಿ-ಟೀ ಮಿಕ್ಕಿದ್ದನ್ನೂ ಕೆಡಿಸುತ್ತವೆ. ತಾಯಿಗೆ ಪಾದ ಜೋಮು ಹಿಡಿಯುವುದು, ಉರಿಯುವುದು ಬಿಟ್ಟರೆ ಹೆಚ್ಚೇನೂ ಆಗದಿರಬಹುದು. ಹಾಲೂ ಚೆನ್ನಾಗಿಯೇ ಬರುತ್ತದೆ. ಆದರೆ ಆ ಹಾಲಿನಲ್ಲಿ ಥಯಮಿನ್ ತೀರಾ ಕಡಿಮೆ ಇರುತ್ತದೆ. ತಾಯಿಹಾಲು ಬಿಟ್ಟು ಬೇರೇನೂ ತಿನ್ನದ ಎರಡು-ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ವಾಂತಿ ಮಾಡಿ, ಏದುಸಿರು ಬಿಡತೊಡಗುತ್ತದೆ; ಅಳುವ ದನಿ ಕಟ್ಟಿಹೋಗುತ್ತದೆ. ನ್ಯುಮೋನಿಯಾ ಎಂದುಕೊಂಡು ಆಂಟಿಬಯೋಟಿಕ್ ಕೊಡುತ್ತಾ ಹೋದರೆ ಕೂಸು ಉಳಿಯುವುದಿಲ್ಲ. ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿದ ಇಂಥ ಕೂಸುಗಳು ಥಯಮಿನ್ ಚುಚ್ಚುಮದ್ದಿಗೆ ಬೇಗನೆ ಚೇತರಿಸಿಕೊಳ್ಳುವುದನ್ನು ಕರ್ನಾಟಕದ ವೈದ್ಯರೇ ದಾಖಲಿಸಿದ್ದಾರೆ. ಆದ್ದರಿಂದ ಏದುಸಿರಿನ ಕೂಸನ್ನು ಎತ್ತಿಕೊಂಡು ಹೋದಾಗ ತಾಯಿ ಏನು ಪಥ್ಯದಲ್ಲಿದ್ದಾಳೆ ಎಂಬುದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಕೇಳದಿರಬಹುದು.

ಮೆಣಸಿನ ಸಾರು ಇರಲಿ, ಜೊತೆಗೆ ಬೇಳೆಯೂ ಇರಲಿ. ತೊಗರಿ ಅಥವಾ ಹೆಸರುಬೇಳೆ, ಶೇಂಗಾ, ಎಳ್ಳು, ರಾಗಿ, ಜೋಳ ಎಲ್ಲದರಲ್ಲೂ ಥಯಮಿನ್ ಇದೆ. ಕರಾವಳಿಯ ಕುಚ್ಚಲಕ್ಕಿ ಇದ್ದರೆ ಬೆಳ್ತಿಗೆ ಅಕ್ಕಿಗಿಂತ ಅದೇ ಮೇಲು, ಬೇಯಿಸಿ ಒಣಗಿಸುವಾಗ ಥಯಮಿನ್ ಕಾಳಿನೊಳಕ್ಕೆ ಇಳಿದಿರುತ್ತದೆ. ಅಕ್ಕಿಯನ್ನು ಒಂದು ಸಲ ತೊಳೆದು, ನೀರು ಇಂಗುವಂತೆ ಬೇಯಿಸಿ. ಗಂಜಿ ಬಸಿದರೆ ಸಾರಿಗೆ ಹಾಕಿ. ತಾಯಿ ತಿಂದ ಬೇಳೆಯ ವಾಯು ಹಾಲಿಗೆ ಇಳಿಯುವ ದಾರಿಯೇ ಇಲ್ಲ. ಹೊಲಿಗೆ ಕೀವಾಗುವುದು ಬದನೆಕಾಯಿಯಿಂದಲ್ಲ, ಕೊಳಕು ಬಟ್ಟೆಯಿಂದ.

ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚುವರಿ ಬೇಕು. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ, ಒಂದು ಬಟ್ಟಲು ಗಟ್ಟಿ ಬೇಳೆಸಾರು, ಒಂದು ಲೋಟ ಹಾಲು, ಒಂದು ಮೊಟ್ಟೆ ಸೇರಿದರೆ ಅಷ್ಟಾಯಿತು. ಅಂದರೆ ದಿನದ ಊಟಕ್ಕೆ ಇನ್ನೊಂದು ಊಟ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇರುವುದು ಬಸುರಿ-ಬಾಣಂತಿಯರಿಗಾಗಿಯೇ.

ಸನ್ನಿ ಅಂದುಕೊಂಡು ಕೂರಬೇಡಿ

ಬಾಣಂತಿಗೆ ಏನೇ ಆದರೂ ಸನ್ನಿ ಅನ್ನುವುದು ರೂಢಿ. ಆ ಒಂದು ಹೆಸರಿನಡಿ ಮೂರು ಬೇರೆಬೇರೆ ಕಾಯಿಲೆಗಳು ಅಡಗಿರುತ್ತವೆ.

ಮೈ ಸುಟ್ಟು ನಡುಗುತ್ತಿದ್ದರೆ, 100.4 ಫ್ಯಾರನ್‌ಹೀಟ್ ದಾಟಿದ್ದರೆ, ಕೆಳಹೊಟ್ಟೆ ನೋವು, ದುರ್ವಾಸನೆಯ ಸ್ರಾವ ಇದ್ದರೆ ಗರ್ಭಕೋಶದ ಸೋಂಕು. ಆಂಟಿಬಯೋಟಿಕ್ ಬೇಕು, ಅದೂ ಅದೇ ದಿನ.

ವಿಪರೀತ ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು, ಆಮೇಲೆ ಫಿಟ್ಸ್ ಬಂದರೆ ಅದು ಬಿಪಿ. ಹೆರಿಗೆಯೊಂದಿಗೆ ಬಿಪಿ ಮುಗಿಯಿತು ಎಂದುಕೊಳ್ಳುವುದು ತಪ್ಪು. ಮೂರರಿಂದ ಆರನೆಯ ದಿನದವರೆಗೆ ಅದು ಮತ್ತೆ ಏರುತ್ತದೆ, ಆಗ ಆಕೆ ಮನೆಯಲ್ಲಿರುತ್ತಾಳೆ. ಬಸಿರಿನಲ್ಲಿ ಬಿಪಿ ಇದ್ದವರು ಈ ದಿನಗಳಲ್ಲಿ ಉಪಕೇಂದ್ರದಲ್ಲಿ ನೋಡಿಸಿಕೊಳ್ಳಲೇಬೇಕು. 140/90 ಇದ್ದರೆ ಡಾಕ್ಟರ್ ಹತ್ತಿರ, 160/110 ಆದರೆ ತಕ್ಷಣ 108 ಆಂಬ್ಯುಲೆನ್ಸ್‌ಗೆ ಕರೆ ಮಾಡಿ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಚಮಚವನ್ನೂ ನೀರನ್ನೂ ಹಾಕಬೇಡಿ.

ಜ್ವರವಿಲ್ಲದೆ, ನಿದ್ದೆಯಿಲ್ಲದೆ, ಏನೇನೋ ಮಾತು, ಕೂಸನ್ನು ಯಾರೋ ಬದಲಿಸಿದ್ದಾರೆಂಬ ಅನುಮಾನ ಕಂಡರೆ ಅದು ಮನಸ್ಸಿನ ಕಾಯಿಲೆ. ಹೆಚ್ಚಾಗಿ ಮೊದಲೆರಡು ವಾರದಲ್ಲಿ ಬರುತ್ತದೆ, ಚಿಕಿತ್ಸೆಗೆ ಚೆನ್ನಾಗಿ ವಾಸಿಯಾಗುತ್ತದೆ. ಅಲ್ಲಿಯವರೆಗೆ ತಾಯಿ-ಮಗುವನ್ನು ಇಬ್ಬರನ್ನೇ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಿಭಾಗವಿದೆ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ರಕ್ತಸ್ರಾವಕ್ಕೆ ಅಳತೆ ಇದು: ಸತತ ಎರಡು ಗಂಟೆ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ, ಅಥವಾ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬಿದ್ದರೆ 108. ಮೂತ್ರ ಮಾಡಿಸಿ, ಮಲಗಿಸಿ, ಗಾಡಿ ಬರುವವರೆಗೆ ಕೂಸನ್ನು ಎದೆಗೆ ಹಾಕಿ. ಕೂಸು ಚೀಪಿದಷ್ಟೂ ಗರ್ಭಕೋಶ ಕುಗ್ಗುತ್ತದೆ.

ಕೂಸಿನ ಹೊಟ್ಟೆಗೆ

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ, ಆಮೇಲೆ ಆರು ತಿಂಗಳು ತಾಯಿಹಾಲಷ್ಟೇ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಹರಳೆಣ್ಣೆ ಕುಡಿಸುವುದು, ಬಜೆ-ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಗುಟ್ಟಿ, ಸಕ್ಕರೆ ನೀರು, ಜೇನುತುಪ್ಪ ಯಾವುದೂ ಬೇಡ. ಹರಳೆಣ್ಣೆ ಉಸಿರುನಾಳಕ್ಕೆ ಇಳಿದರೆ ಶ್ವಾಸಕೋಶದಲ್ಲಿ ಕೂತು ವಾಸಿಯಾಗದ ನ್ಯುಮೋನಿಯಾ ತರುತ್ತದೆ. ಜೇನಿನಲ್ಲಿರಬಹುದಾದ ಒಂದು ಬಗೆಯ ಬೀಜಾಣು ಕೂಸಿನ ಸ್ನಾಯುಗಳನ್ನೇ ಸೋಲಿಸುತ್ತದೆ.

ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ಬಾಯಿ ಅಗಲ ತೆರೆದು, ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿದ್ದರೆ ಸರಿಯಾಗಿ ಹಿಡಿದಿದೆ. ಬರೀ ತೊಟ್ಟು ಕಚ್ಚಿದ್ದರೆ ಮೊಲೆತೊಟ್ಟು ಬಿರಿಯುತ್ತದೆ, ಹಾಲೂ ಬರುವುದಿಲ್ಲ. ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಉಚ್ಚೆಯಿಂದ ಅಳೆಯಿರಿ. ಐದನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಮೊದಲ ವಾರ ತೂಕ ನೂರಕ್ಕೆ ಹತ್ತರವರೆಗೆ ಇಳಿಯಬಹುದು, ಎರಡು ವಾರಕ್ಕೆ ಹುಟ್ಟುತೂಕಕ್ಕೆ ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ.

ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ

ಇಂಥ ಕೂಸಿಗೆ ಕಾಂಗರೂ ಆರೈಕೆಯಷ್ಟು, ಅಂದರೆ ಬರಿಮೈಯ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿಕೊಳ್ಳುವಷ್ಟು, ಒಳ್ಳೆಯ ಮದ್ದು ಇನ್ನೊಂದಿಲ್ಲ, ಖರ್ಚೂ ಇಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಎಡ್ಗರ್ ರೇ ಎಂಬ ವೈದ್ಯರು ಇದನ್ನು ಶುರುಮಾಡಿದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಸಿನ ಸ್ಥಿತಿ ಸ್ಥಿರವಾಗಲಿ ಎಂದು ಕಾಯದೆ ಹುಟ್ಟಿದೊಡನೆ ಶುರುಮಾಡಿದಾಗ ಸಾವು ಕಾಲುಭಾಗದಷ್ಟು ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದಿದೆ.

ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿ ಮುಂದೆ ಬಿಚ್ಚುವ ರವಿಕೆ ಅಥವಾ ನೈಟಿ ಹಾಕಿಕೊಂಡು, ದಿಂಬು ಕೊಟ್ಟು ಅರೆ ಒರಗಿ ಕೂರಲಿ. ಎರಡು ಮೊಲೆಗಳ ನಡುವೆ ಕೂಸನ್ನು ನೆಟ್ಟಗೆ, ಎದೆಗೆ ಎದೆ ತಾಗುವಂತೆ ಇಡಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಗದ್ದ ಸ್ವಲ್ಪ ಮೇಲಿರಲಿ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರುನಾಳ ಮಡಚಿಕೊಳ್ಳುತ್ತದೆ. ಕೈ ಮಡಚಿ, ತೊಡೆಗಳು ಕಪ್ಪೆಯಂತೆ ಅಗಲಿರಲಿ. ಹಳೆಯ ಮೆತ್ತನೆ ಹತ್ತಿ ಸೀರೆಯಿಂದ ಸುತ್ತಿ ಕಟ್ಟಿ. ಮೇಲಂಚು ಕೂಸಿನ ಕಿವಿಯ ಕೆಳಗೆ ನಿಲ್ಲಬೇಕು, ಎದೆಯ ಹತ್ತಿರ ಬಿಗಿ, ಹೊಟ್ಟೆಯ ಹತ್ತಿರ ಉಸಿರಾಡುವಷ್ಟು ಸಡಿಲ. ಮುಖ ಸದಾ ಕಾಣುತ್ತಿರಲಿ. ಒಂದು ಸಲ ಇಟ್ಟರೆ ಕನಿಷ್ಠ ಒಂದು ಗಂಟೆ, ದಿನಕ್ಕೆ ಒಟ್ಟು ಎಂಟು ಗಂಟೆಗೆ ಕಡಿಮೆಯಾಗಬಾರದು; ಹೆಚ್ಚಾದಷ್ಟೂ ಒಳ್ಳೆಯದು. ತಾಯಿ ಸ್ನಾನಕ್ಕೆ, ಊಟಕ್ಕೆ ಎದ್ದಾಗ ಅಪ್ಪನೋ ಅಜ್ಜಿಯೋ ಎದೆಗೆ ಹಾಕಿಕೊಳ್ಳಲಿ. ಅಪ್ಪನನ್ನು ಬಾಣಂತಿ ಕೋಣೆಯಿಂದ ದೂರ ಇಡುವ ಪದ್ಧತಿಯನ್ನು ಇಲ್ಲಿ ಸಡಿಲಿಸದೆ ಎಂಟು ಗಂಟೆ ಹೊಂದುವುದು ಕಷ್ಟ. ಎರಡೂವರೆ ಕಿಲೋ ಹತ್ತಿರ ಬಂದಾಗ ಕೂಸೇ ಒದ್ದಾಡಿ ಸಾಕು ಅನ್ನುತ್ತದೆ.

ಚೀಪುವ ಶಕ್ತಿ ಸಾಲದ ಕೂಸಿಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಕೊಡಬಹುದು, ಬಾಟಲಿ ಬೇಡವೇ ಬೇಡ. ಆದರೆ ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಸುರಿಯುವ ಹಳೇ ಕ್ರಮದಲ್ಲಿ ಹಾಲು ನೆತ್ತಿಗೇರುತ್ತದೆ. ಕೂಸನ್ನು ಅರೆ ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಅದು ನೆಕ್ಕಿ ನುಂಗಿದ ಮೇಲೆ ಮತ್ತೆ ಬಾಗಿಸಿ. ಅಳತೆಗೆ ಒಂದು ಉದಾಹರಣೆ: 1.8 ಕಿಲೋ ಕೂಸಿಗೆ ಮೊದಲ ದಿನ ಕಿಲೋಗೆ 60 ಮಿಲಿಯಂತೆ 108 ಮಿಲಿ, ಎರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ 9 ಮಿಲಿ. ದಿನದಿನಕ್ಕೆ ಏರಿಸುತ್ತಾ ವಾರದ ಕೊನೆಗೆ ಸಲಕ್ಕೆ 22ರಿಂದ 24 ಮಿಲಿ ಆಗುತ್ತದೆ. ನಿಮ್ಮ ಕೂಸಿನ ಲೆಕ್ಕವನ್ನು ಆಸ್ಪತ್ರೆಯಲ್ಲೇ ಬರೆಸಿಕೊಳ್ಳಿ. ಒಳಲೆಯ ಮೂತಿಯೊಳಗೆ ಹಾಲು ಒಣಗಿ ಕೂರುತ್ತದೆ. ಪ್ರತಿ ಸಲ ಸೋಪಿನಿಂದ ತೊಳೆದು ಹತ್ತು ನಿಮಿಷ ಕುದಿಸಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ, ಬೇಸಿಗೆಯಲ್ಲಿ ಅಷ್ಟು ಹೊತ್ತೂ ಇಡಬೇಡಿ.

ಸ್ನಾನ, ಹೊಕ್ಕಳು

ಮೊದಲ 24 ಗಂಟೆ ಸ್ನಾನವಿಲ್ಲ. ತೂಕ ಕಡಿಮೆಯಿದ್ದರೆ ಎರಡು ಕಿಲೋ ದಾಟುವವರೆಗೆ ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಐದು ನಿಮಿಷದಲ್ಲಿ ಮುಗಿಸಿ, ಮೊದಲು ತಲೆ ಒರೆಸಿ. ಕೊಬ್ಬರಿ ಎಣ್ಣೆಯಲ್ಲಿ ಹಗುರವಾಗಿ ನೀವುವುದು ಒಳ್ಳೆಯದೇ. ಮೂಗು-ಕಿವಿಗೆ ಎಣ್ಣೆ ಬಿಡುವುದು, ಮೂಗಿಗೆ ಊದುವುದು, ಕೂಸಿನ ಎದೆ ಹಿಂಡಿ ಹಾಲು ತೆಗೆಯುವುದು ಬೇಡ. ಆ ಎದೆಯ ಊತ ತಾನಾಗಿ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಹೊಕ್ಕಳಿಗೆ ಬೂದಿ, ಅರಿಸಿನ, ಎಣ್ಣೆ, ಪೌಡರ್ ಏನೂ ಹಚ್ಚದೆ ಒಣಗಿರಲು ಬಿಡಿ. ಲಂಗೋಟಿಯನ್ನು ಅದರ ಕೆಳಗೆ ಕಟ್ಟಿ.

ಬಾಣಂತಿಯ ಬಿಸಿನೀರು ಸ್ನಾನಕ್ಕೆ ಅಡ್ಡಿಯಿಲ್ಲ. ಆದರೆ ರಕ್ತ ಕಡಿಮೆ ಇರುವವರು ಸುಡುನೀರಿಗೆ ತಲೆಸುತ್ತಿ ಬೀಳುತ್ತಾರೆ. ಬಾಗಿಲ ಚಿಲಕ ಹಾಕದೆ, ಸ್ಟೂಲಿನ ಮೇಲೆ ಕೂರಿಸಿ ನೀರು ಹಾಕಿ.

ಹೊರಡಬೇಕಾದ ಹೊತ್ತು

ಕೂಸು ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಎಬ್ಬಿಸಿದರಷ್ಟೇ ಕದಲುತ್ತಿದ್ದರೆ, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಎಳೆದುಕೊಂಡರೆ, ಹೊಕ್ಕಳ ಸುತ್ತ ಕೆಂಪು ಹರಡಿದರೆ ಕಾಯುವ ಮಾತಿಲ್ಲ. ಉಸಿರನ್ನು ಕೂಸು ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹಸುಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ, ಆಗಲೂ ಹಾಗೇ ಇದ್ದರೆ ಹೊರಡಿ. ಬಾಲಗ್ರಹ ಎಂದು ತಾಯಿತ ಕಟ್ಟಿಸಲು ಹೋಗುವುದಾದರೆ ಆಸ್ಪತ್ರೆಯಿಂದ ಬಂದಮೇಲೆ ಹೋಗಿ. ದಾರಿಯುದ್ದಕ್ಕೂ ಕೂಸು ಎದೆಗೆ ಕಟ್ಟಿಕೊಂಡೇ ಇರಲಿ, ತಾಯಿ ಕಾರ್ಡ್ ಜೊತೆಗಿರಲಿ.

ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ. ತವರಿಗೆ ಬಂದವರ ಹೆಸರು ಗಂಡನ ಊರಿನ ಪಟ್ಟಿಯಲ್ಲಿದ್ದು ಇಲ್ಲಿಯ ಆಶಾಗೆ ಗೊತ್ತೇ ಇರುವುದಿಲ್ಲ, ಭೇಟಿ ತಪ್ಪುವುದು ಹೆಚ್ಚಾಗಿ ಹೀಗೆ. ಬಂದ ದಿನವೇ ಆಕೆಗೆ ಹೇಳಿ ಕಳಿಸಿ. ಪ್ರತಿ ಸಲವೂ ತೂಕ ಹಾಕಿಸಿ, ಮೈಬಿಸಿ ನೋಡಿಸಿ, ಕಾರ್ಡಿನಲ್ಲಿ ಬರೆಸಿ. 42ನೆಯ ದಿನದ ಸುತ್ತ ಕೂಸಿಗೆ ಆರು ವಾರದ ಲಸಿಕೆಗಳು, ತಾಯಿಗೆ ಬಿಪಿ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ, ಮುಂದಿನ ಬಸಿರಿಗೆ ಎರಡು ವರ್ಷವಾದರೂ ಅಂತರ ಇರುವಂತೆ ವಂಕಿಯೋ (ಕಾಪರ್-ಟಿ) ಚುಚ್ಚುಮದ್ದೋ ಎಂಬ ಮಾತು, ಮೂರನ್ನೂ ಒಂದೇ ಓಡಾಟದಲ್ಲಿ ಮುಗಿಸಿಕೊಳ್ಳಬಹುದು.